ಸೇತುವೆಗಿಂತ ಮೊದಲು ಹೊಳೆ ನೋಡಿ

ಮಳೆಗಾಲ ಶುರುವಾಯಿತೆಂದರೆ ಹೊಸಪೇಟೆ ಭಾಗದ ಪತ್ರಿಕೆಗಳಲ್ಲಿ ಒಂದು ಪುಟ್ಟ ಚೌಕ ಕಾಣಿಸಿಕೊಳ್ಳುತ್ತದೆ: ತುಂಗಭದ್ರಾ ಜಲಾಶಯದ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕಾಲುವೆ ನೀರನ್ನು ನಂಬಿದ ರೈತ ಅದನ್ನು ಮೊದಲು ಓದುತ್ತಾನೆ. ಹರಿಗೋಲು ಹಾಕುವವರು, ಹೊಳೆದಂಡೆಯ ಬಾಳೆತೋಟದವರು, ಕಂಪ್ಲಿಯಿಂದ ಗಂಗಾವತಿ ಕಡೆಗೆ ದಿನಾ ಓಡಾಡುವವರು ಓದುತ್ತಾರೆ. ರಾತ್ರಿ ಹೊತ್ತು ಸೇತುವೆಯ ಫೋಟೊ ತೆಗೆಯಬೇಕೆಂದು ಟ್ರೈಪಾಡ್ ಕೊಂಡವರೂ ಇದನ್ನೇ ಮೊದಲು ಓದಬೇಕು ಎನ್ನುವುದು ನನ್ನ ವಾದ. ಶಟರನ್ನು ಹತ್ತು, ಇಪ್ಪತ್ತು, ಮೂವತ್ತು ಸೆಕೆಂಡು ತೆರೆದಿಟ್ಟು ತೆಗೆಯುವ ಇಂಥ ಚಿತ್ರಕ್ಕೆ ಲಾಂಗ್ ಎಕ್ಸ್‌ಪೋಷರ್ ಎಂಬ ಹೆಸರು ನಮ್ಮ ಹುಡುಗರ ಬಾಯಲ್ಲೂ ಬಳಕೆಗೆ ಬಂದಿದೆ. ಅದನ್ನು ಕಲಿಸುವವರು ಸಾಮಾನ್ಯವಾಗಿ ಒಂದು ಸಿದ್ಧ ಸೂತ್ರ ಕೊಡುತ್ತಾರೆ: ಐಎಸ್‌ಒ 100, ಅಪರ್ಚರ್ ಎಫ್ 8 ಅಥವಾ 11, ಶಟರ್ 30 ಸೆಕೆಂಡು. ಸೂತ್ರ ತಪ್ಪಲ್ಲ. ಆದರೆ ಅದು ಹುಟ್ಟಿದ್ದು ದೊಡ್ಡ ಪಟ್ಟಣಗಳಲ್ಲಿ. ಅಲ್ಲಿ ಸೇತುವೆಯ ದೀಪ ಎಲ್ಲ ರಾತ್ರಿಯೂ ಒಂದೇ ಸಮ ಉರಿಯುತ್ತದೆ, ಕೆಳಗಿನ ನೀರು ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ತುಂಗಭದ್ರೆಯ ಮೇಲಿನ ಸೇತುವೆಗಳಿಗೆ ಈ ಎರಡು ಅನುಕೂಲವೂ ಇಲ್ಲ. ಇಲ್ಲಿ ದೀಪ ಕಡಿಮೆ, ನೀರು ದಿನಕ್ಕೊಂದು ತರಹ. ಹಾಗಾಗಿ ಕ್ಯಾಮೆರಾದ ಮೂರು ಅಂಕಿಗಳನ್ನು ಹೊಳೆಯ ಅಂಕಿ ನೋಡಿದ ಮೇಲೆ ಆರಿಸಬೇಕು.

ಮಲಪನಗುಡಿಯನ್ನು ನಡುಬಿಂದುವಾಗಿ ಇಟ್ಟುಕೊಂಡರೆ ಕ್ಷೇತ್ರದ ನಕ್ಷೆ ಸುಲಭವಾಗಿ ಮನಸ್ಸಿನಲ್ಲಿ ಕೂರುತ್ತದೆ. ಹೊಸಪೇಟೆಗೂ ಹಂಪಿಗೂ ನಡುವಿನ ಊರು ಇದು. ಪಶ್ಚಿಮಕ್ಕೆ ಹೊರಟರೆ 33 ಕ್ರಸ್ಟ್ ಗೇಟುಗಳ ತುಂಗಭದ್ರಾ ಅಣೆಕಟ್ಟು. ಅದರ ಕೆಳಗೆ ಹೊಸಪೇಟೆಯಿಂದ ಮುನಿರಾಬಾದ್ ಕಡೆಗೆ ಹೊಳೆ ದಾಟುವ ರಾಷ್ಟ್ರೀಯ ಹೆದ್ದಾರಿ 50ರ ಸೇತುವೆ, ಹುಬ್ಬಳ್ಳಿ ಕಡೆಗೆ ಹೋಗುವ ರೈಲುಮಾರ್ಗದ ಸೇತುವೆ. ಈಶಾನ್ಯಕ್ಕೆ ಹಂಪಿ, ಅಲ್ಲಿ ವಿಠ್ಠಲ ದೇವಾಲಯಕ್ಕೆ ಹತ್ತಿರದ ಹೊಳೆಯಲ್ಲಿ ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳು ಮಾತ್ರ ಸಾಲಾಗಿ ಉಳಿದಿವೆ, ಮೇಲಿನ ಹಾಸು ಎಂದೋ ಹೋಗಿದೆ. ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟಲು ಹೊರಟ ಹೊಸ ಸೇತುವೆಯ ಕಥೆ ಎಲ್ಲರಿಗೂ ಗೊತ್ತು. ಹಂಪಿ 1999ರಲ್ಲಿ ಯುನೆಸ್ಕೊದ ಅಪಾಯದಲ್ಲಿರುವ ಪರಂಪರೆಯ ಪಟ್ಟಿ ಸೇರಲು ಆ ಕಾಮಗಾರಿಯೂ ಒಂದು ಕಾರಣವಾಗಿತ್ತು. 2006ರಲ್ಲಿ ಹೆಸರು ಪಟ್ಟಿಯಿಂದ ಹೊರಬಂತು, 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕೆಲಸಗಾರರ ಪ್ರಾಣ ಹೋಯಿತು. ಮುಂದೆ ಬುಕ್ಕಸಾಗರದಿಂದ ಕಡೇಬಾಗಿಲಿಗೆ ಬೇರೆ ಸೇತುವೆ ಬಂತು. ಇನ್ನೂ ಕೆಳಗೆ ಕಂಪ್ಲಿಯ ಸೇತುವೆ. ದಕ್ಷಿಣಕ್ಕೆ ಬೆಟ್ಟ ದಾಟಿದರೆ ಸಂಡೂರು. ಅಲ್ಲಿ ದೊಡ್ಡ ಹೊಳೆ ಇಲ್ಲದಿದ್ದರೂ ನಾರಿಹಳ್ಳದ ಜಲಾಶಯವಿದೆ, ನಿಂತ ನೀರಿನಲ್ಲಿ ಪ್ರತಿಬಿಂಬ ಕಲಿಯುವವರಿಗೆ ಒಳ್ಳೆಯ ಪಾಠಶಾಲೆ. ಒಂದು ಸಂಜೆಯ ಪ್ರಯಾಣದ ಅಳತೆಯೊಳಗೆ ಐದಾರು ನಮೂನೆಯ ದಾಟುದಾರಿಗಳು. ಒಂದೊಂದರ ಕೆಳಗೂ ನೀರಿನ ನಡತೆ ಬೇರೆ.

ನೀರಿನ ನಡತೆ ಅಂದರೆ ಏನೆಂದು ಅಂಕಿಯಲ್ಲೇ ನೋಡೋಣ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 28.3 ಲೀಟರು. ಅಣೆಕಟ್ಟಿನಿಂದ ಒಂದು ಲಕ್ಷ ಕ್ಯುಸೆಕ್ ಬಿಟ್ಟಿದ್ದಾರೆ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು. ನೀವು ಶಟರನ್ನು 20 ಸೆಕೆಂಡು ತೆರೆದಿಟ್ಟರೆ ಆ ಒಂದೇ ಚಿತ್ರದ ಅವಧಿಯಲ್ಲಿ ಐದೂವರೆ ಕೋಟಿ ಲೀಟರಿಗಿಂತ ಹೆಚ್ಚು ನೀರು ಸೇತುವೆಯ ಕೆಳಗೆ ಹಾದುಹೋಗಿರುತ್ತದೆ. ಕ್ಯಾಮೆರಾ ಅಷ್ಟನ್ನೂ ಒಂದರ ಮೇಲೊಂದು ಬರೆದು ಸರಾಸರಿ ತೆಗೆಯುತ್ತದೆ. ಸುಳಿ, ನೊರೆ, ಕಂಬಕ್ಕೆ ಬಡಿದು ಎರಡಾಗಿ ಸೀಳುವ ಅಲೆ ಎಲ್ಲವೂ ಕರಗಿ ಬೂದು ಬಣ್ಣದ ಒಂದು ಚಾಪೆಯಾಗುತ್ತದೆ. ಪ್ರವಾಹದ ಫೋಟೊ ತೆಗೆಯಲು ಹೋದವರಿಗೆ ಪ್ರವಾಹವೇ ಕಾಣದ ಚಿತ್ರ ಸಿಗುವುದು ಹೀಗೆ. ಅದೇ ಜಾಗದಲ್ಲಿ ಅರ್ಧ ಸೆಕೆಂಡಿನಿಂದ ಎರಡು ಸೆಕೆಂಡಿನೊಳಗೆ ಶಟರ್ ಮುಚ್ಚಿದರೆ ನೀರು ಎಳೆಎಳೆಯಾಗಿ ಬರುತ್ತದೆ. ಯಾವ ಕಡೆ ಸೆಳೆತ, ಯಾವ ಕಂಬದ ಹಿಂದೆ ಸುಳಿ ಎಂಬುದು ಗೆರೆಗಳಲ್ಲೇ ಓದಲು ಸಿಗುತ್ತದೆ. ಬೇಸಿಗೆಯಲ್ಲಿ ಇದು ತಲೆಕೆಳಗು. ಆಗ ಬಂಡೆಗಳ ನಡುವಿನ ಮಡುವಿನಲ್ಲಿ ನೀರು ಅಲ್ಲಾಡುತ್ತದೋ ಇಲ್ಲವೋ ಎನ್ನುವಷ್ಟು ನಿಧಾನ. ಒಂದೆರಡು ಸೆಕೆಂಡಿನ ಚಿತ್ರದಲ್ಲಿ ಗಾಳಿ ಎಬ್ಬಿಸಿದ ಸಣ್ಣ ತೆರೆಗಳು ದೀಪದ ಪ್ರತಿಬಿಂಬವನ್ನು ಚೂರುಚೂರು ಮಾಡುತ್ತವೆ. ಮೂವತ್ತು ಸೆಕೆಂಡು ಕೊಟ್ಟರೆ ಆ ಚೂರುಗಳೆಲ್ಲ ಕೂಡಿಕೊಂಡು ನೀರಿನೊಳಗೆ ನೆಟ್ಟಗೆ ಇಳಿದ ಬೆಳಕಿನ ಕಂಬವಾಗುತ್ತದೆ. ಒಂದೇ ಸೇತುವೆ, ಒಂದೇ ಕ್ಯಾಮೆರಾ. ಆಗಸ್ಟಿನಲ್ಲಿ ಕೆಡಿಸುವ 30 ಸೆಕೆಂಡೇ ಏಪ್ರಿಲಿನಲ್ಲಿ ಚಿತ್ರ ಮಾಡಿಕೊಡುತ್ತದೆ.

ಈ ಹೊಳೆ ಎಷ್ಟು ಬೇಗ ರೂಪ ಬದಲಿಸುತ್ತದೆ ಎಂಬುದಕ್ಕೆ 2024ರ ಆಗಸ್ಟ್ 10ರ ರಾತ್ರಿಯೇ ಸಾಕ್ಷಿ. ಅಂದು 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಉಳಿದ ಗೇಟುಗಳ ಮೇಲಿನ ಒತ್ತಡ ಇಳಿಸಲು ಎಲ್ಲವನ್ನೂ ತೆರೆದು ನೀರು ಬಿಡಬೇಕಾಯಿತು. ಸಂಜೆ ಒಂದು ಹೊಳೆ, ಬೆಳಗ್ಗೆ ಇನ್ನೊಂದು. ಅಂಥ ಅವಘಡ ಅಪರೂಪ, ಆದರೆ ಹೊರಹರಿವಿನ ಏರಿಳಿತ ಅಪರೂಪವಲ್ಲ. ಅದನ್ನು ಅಳೆಯಲು ಊರಿನವರಿಗೆ ತಮ್ಮದೇ ಗುರುತುಗಳಿವೆ: ಹಂಪಿಯಲ್ಲಿ ಪುರಂದರದಾಸರ ಮಂಟಪ ಮುಳುಗಿತಂತೆ ಎಂದರೆ ನೀರು ಜೋರಾಗಿದೆ ಎಂದರ್ಥ, ಆನೆಗೊಂದಿಯ ನವಬೃಂದಾವನ ನಡುಗಡ್ಡೆಗೆ ದಾರಿ ತಪ್ಪಿತೆಂದರೆ ಇನ್ನೂ ಜೋರು, ಕಂಪ್ಲಿ ಸೇತುವೆಯ ಮೇಲೆ ಸಂಚಾರ ನಿಲ್ಲಿಸಿದರೆಂದರೆ ಲಕ್ಷ ಕ್ಯುಸೆಕ್ ದಾಟಿ ಎಷ್ಟೋ ಆಗಿದೆ. ಈ ಗುರುತುಗಳೇ ಫೋಟೊ ತೆಗೆಯುವವರ ಪಂಚಾಂಗ. ಮಂಟಪ ಮುಳುಗಿದ್ದರೆ ಅದರ ನೆರೆಯ ಹಳೆ ಸೇತುವೆಯ ಕಲ್ಲುಕಂಬಗಳ ಬುಡವೂ ಕಾಣುವುದಿಲ್ಲ, ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಕಂಪ್ಲಿ ಸೇತುವೆಗೆ ನೀರು ತಾಗುತ್ತಿರುವಾಗ ದಂಡೆಗೆ ಇಳಿಯುವುದು ಹುಚ್ಚುತನ. ದೂರದ ಎತ್ತರದಿಂದ, ಉದ್ದ ಲೆನ್ಸಿನಿಂದ, ಒಂದು ಸೆಕೆಂಡಿನ ಚಿತ್ರ ತೆಗೆದು ಬರುವುದಷ್ಟೇ ಸರಿ. ನನ್ನನ್ನು ಕೇಳಿದರೆ ಈ ಹೊಳೆಯ ಅತ್ಯುತ್ತಮ ರಾತ್ರಿಗಳು ಸೀಗಿ ಹುಣ್ಣಿಮೆಯಿಂದಾಚೆ ಬರುತ್ತವೆ. ಮಳೆ ತೊಳೆದ ಗಾಳಿ ಇನ್ನೂ ತಿಳಿಯಾಗಿರುತ್ತದೆ, ಗೇಟುಗಳು ಬಹುಮಟ್ಟಿಗೆ ಮುಚ್ಚಿರುತ್ತವೆ, ಬಂಡೆಗಳು ತಲೆ ಎತ್ತಿರುತ್ತವೆ, ಆದರೂ ಅವುಗಳ ನಡುವೆ ಹರಿವು ಸತ್ತಿರುವುದಿಲ್ಲ. ಆಗ 4ರಿಂದ 10 ಸೆಕೆಂಡಿನ ನಡುವಿನ ಶಟರು ನೀರನ್ನು ಹಾಲಿನಂತೆ ಮೃದುವೂ ಮಾಡುತ್ತದೆ, ಹರಿವಿನ ದಿಕ್ಕನ್ನೂ ಉಳಿಸುತ್ತದೆ.

ಹೊಳೆಯ ನಂತರ ಬೆಳಕು. ಇದರಲ್ಲೂ ಹೊರಗಿನ ಸೂತ್ರ ನಮಗೆ ಹೊಂದುವುದಿಲ್ಲ, ಕಾರಣ ಭೂಗೋಳ. ಸೂರ್ಯ ಮುಳುಗಿದ ಮೇಲೆ ಆಕಾಶ ಕಡುನೀಲಿಯಾಗಿ, ದೀಪಗಳೂ ಹೊತ್ತಿಕೊಂಡು, ಎರಡರ ಬೆಳಕೂ ಸರಿಸಮನಾಗುವ ಹೊತ್ತೇ ರಾತ್ರಿ ಚಿತ್ರದ ಪ್ರಾಣ. ಪೂರ್ತಿ ಕತ್ತಲಾದ ಮೇಲೆ ಸೇತುವೆಯ ಅಂಚಿಗೂ ಆಕಾಶಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಲಂಡನ್ನಿನಂಥ ಊರಿನಲ್ಲಿ ಜೂನ್ ತಿಂಗಳ ಮುಸ್ಸಂಜೆ ಗಂಟೆಗಟ್ಟಲೆ ಎಳೆಯುತ್ತದೆ, ಇಡೀ ರಾತ್ರಿ ಆಕಾಶ ಪೂರ್ತಿ ಕಪ್ಪಾಗುವುದೇ ಇಲ್ಲ. ಹಂಪಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಬಾವಿಗೆ ಬಿಟ್ಟ ಕೊಡದಂತೆ ನೇರವಾಗಿ ಇಳಿದುಬಿಡುತ್ತಾನೆ. ಡಿಸೆಂಬರಿನಲ್ಲಿ ಆರರ ಸುಮಾರಿಗೆ, ಜೂನಿನಲ್ಲಿ ಏಳಕ್ಕೆ ಹತ್ತಿರ ಸೂರ್ಯಾಸ್ತ. ಅಲ್ಲಿಂದ ಸುಮಾರು ಹದಿನೇಳು ನಿಮಿಷಕ್ಕೆ ನೀಲಿ ಕೂಡಿಬರುತ್ತದೆ, ಮೂವತ್ತೈದನೆಯ ನಿಮಿಷಕ್ಕೆ ಮುಗಿಯುತ್ತದೆ. ನಿಮ್ಮ ಕೈಯಲ್ಲಿರುವುದು ಹದಿನೆಂಟು ನಿಮಿಷ. ಈಗ ಕ್ಯಾಮೆರಾದೊಳಗಿನ ಒಂದು ಸೌಲಭ್ಯವನ್ನು ನೆನೆಯಿರಿ: ದೀರ್ಘ ಎಕ್ಸ್‌ಪೋಷರಿನ ನಾಯ್ಸ್ ತೆಗೆಯಲು ಅದು ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತು ಕತ್ತಲ ಚಿತ್ರವೊಂದನ್ನು ತಾನೇ ತೆಗೆದು ಮೊದಲಿನದರಿಂದ ಕಳೆಯುತ್ತದೆ. 30 ಸೆಕೆಂಡಿನ ಚಿತ್ರಕ್ಕೆ ಒಂದು ನಿಮಿಷ. ಹದಿನೆಂಟು ನಿಮಿಷದಲ್ಲಿ ಬಹಳವೆಂದರೆ ಹದಿನೆಂಟು ಚಿತ್ರ, ಅದರಲ್ಲೂ ಅರ್ಧ ಹೊತ್ತು ಕೈಕಟ್ಟಿ ನಿಲ್ಲಬೇಕು. ಆದ್ದರಿಂದ ಮುಸ್ಸಂಜೆಯಲ್ಲಿ ಆ ಸೌಲಭ್ಯವನ್ನು ಆರಿಸಿಡಿ, ಕತ್ತಲಾದ ಮೇಲೆ ಬೇಕಿದ್ದರೆ ಹಾಕಿಕೊಳ್ಳಿ.

ದೀಪವಿಲ್ಲದ ಕಡೆ ಚಂದ್ರನೇ ದೀಪ. ಹಂಪಿಯ ಕಲ್ಲುಕಂಬಗಳಿಗೆ, ಕಡೇಬಾಗಿಲಿನ ಕಡೆಯ ಬಂಡೆಗಳಿಗೆ ಬೇರೆ ಬೆಳಕು ಬೇಡ. ಆದರೆ ತಿಥಿಯ ಲೆಕ್ಕದಲ್ಲಿ ಅನೇಕರು ಎಡವುತ್ತಾರೆ. ಅರ್ಧ ಚಂದ್ರ ಇದ್ದರೆ ಹುಣ್ಣಿಮೆಯ ಅರ್ಧ ಬೆಳಕು ಸಿಗುತ್ತದೆ ಎಂದುಕೊಳ್ಳುವುದು ಸಹಜ, ನಿಜಕ್ಕೂ ಸಿಗುವುದು ಹತ್ತರಲ್ಲಿ ಒಂದು ಪಾಲಿನಷ್ಟು. ಆದ್ದರಿಂದ ಚಂದ್ರನ ಬೆಳಕಿನ ಕೆಲಸವನ್ನು ಹುಣ್ಣಿಮೆಯ ಹಿಂದೆ ಮುಂದೆ ಮೂರ್ನಾಲ್ಕು ದಿನಕ್ಕೆ ಮೀಸಲಿಡಬೇಕು. ಚಂದ್ರನೂ ಚೌಕಟ್ಟಿನೊಳಗೆ ಇರಬೇಕೆಂದರೆ ಹುಣ್ಣಿಮೆಯ ಹಿಂದಿನ ದಿನ ಉತ್ತಮ. ದಿನದಿಂದ ದಿನಕ್ಕೆ ಚಂದ್ರೋದಯ ಸರಾಸರಿ ಐವತ್ತು ನಿಮಿಷ ತಡವಾಗುತ್ತದೆ. ಹುಣ್ಣಿಮೆಯ ದಿನ ಸೂರ್ಯ ಮುಳುಗುವಾಗ ಚಂದ್ರ ಏಳುತ್ತಾನೆಂದರೆ, ಹಿಂದಿನ ದಿನ ಮುಸ್ಸಂಜೆಯ ನೀಲಿ ಕೂಡುವ ಹೊತ್ತಿಗೆ ಅವನು ಆಗಲೇ ಮೇಲೆ ಬಂದಿರುತ್ತಾನೆ. ಕಂಪ್ಲಿಯಲ್ಲಿ ಸೇತುವೆ ಹೆಚ್ಚು ಕಡಿಮೆ ದಕ್ಷಿಣೋತ್ತರವಾಗಿ ಹೊಳೆ ದಾಟುವುದರಿಂದ ಅದರ ಪಶ್ಚಿಮಕ್ಕೆ, ಅಂದರೆ ನೀರು ಬರುವ ಕಡೆಗೆ ನಿಂತರೆ ಸೇತುವೆಯ ಬೆನ್ನಿಗೆ ಚಂದ್ರ, ಇನ್ನೊಂದು ಕಡೆಗೆ ನಿಂತರೆ ಸಂಜೆಗೆಂಪು. ನೆನಪಿಡಬೇಕಾದ್ದು ಇಷ್ಟು: ಚಂದ್ರ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿಯುತ್ತಾನೆ. 30 ಸೆಕೆಂಡು ತೆರೆದಿಟ್ಟರೆ ಅವನು ಕಾಲು ಪಾಲು ಉದ್ದವಾಗಿ ಕೋಳಿಮೊಟ್ಟೆಯಂತೆ ಬರುತ್ತಾನೆ. ಚಂದ್ರ ಚೌಕಟ್ಟಿನಲ್ಲಿದ್ದರೆ ಐದಾರು ಸೆಕೆಂಡಿಗೆ ಇಳಿಯಿರಿ, ಇಲ್ಲದಿದ್ದರೆ ಎಷ್ಟು ಬೇಕಾದರೂ ಏರಿ. ನಕ್ಷತ್ರಗಳಿಗೂ ಮಿತಿಯಿದೆ. 500ನ್ನು ಲೆನ್ಸಿನ ಫೋಕಲ್ ಉದ್ದದಿಂದ ಭಾಗಿಸಿದರೆ ಸಿಗುವಷ್ಟು ಸೆಕೆಂಡು ಅವು ಚುಕ್ಕಿಯಾಗಿ ಉಳಿಯುತ್ತವೆ, 20 ಮಿಲಿಮೀಟರ್ ಲೆನ್ಸಿಗೆ 25 ಸೆಕೆಂಡು. ಪೂರ್ವ–ಆಗ್ನೇಯದ ಕಡೆ ತಿರುಗಿದಾಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬೆಳಕು ಆಕಾಶದ ಅಂಚಿಗೆ ಕಿತ್ತಳೆ ಹಚ್ಚಿರುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ್ದನ್ನು ಸೆನ್ಸರು ಎತ್ತಿ ತೋರಿಸುತ್ತದೆ.

ಹೆದ್ದಾರಿ ಸೇತುವೆಯಲ್ಲಿ ವಾಹನಗಳೇ ದೀಪದ ಸಾಲು. ಇಲ್ಲಿ ಶಟರಿನ ಅವಧಿಯನ್ನು ಊಹೆಯಿಂದಲ್ಲ, ಭಾಗಾಕಾರದಿಂದ ತೀರ್ಮಾನಿಸಬಹುದು. ಗಂಟೆಗೆ 40 ಕಿಲೋಮೀಟರ್ ವೇಗದ ಲಾರಿ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಚೌಕಟ್ಟಿನಲ್ಲಿ ಸೇತುವೆಯ 300 ಮೀಟರ್ ಕಾಣುತ್ತಿದ್ದರೆ ಈ ತುದಿಯಿಂದ ಆ ತುದಿಗೆ ಬೆಳಕಿನ ಗೆರೆ ಕಡಿಯದೆ ಬರಲು 27 ಸೆಕೆಂಡು ಬೇಕು. ಹತ್ತೇ ಸೆಕೆಂಡು ಕೊಟ್ಟರೆ ಗೆರೆ ಸೇತುವೆಯ ನಡುವೆ ಹುಟ್ಟಿ ನಡುವೆಯೇ ಸಾಯುತ್ತದೆ. ಇಲ್ಲೊಂದು ತೊಡಕು: ಸೇತುವೆಗೆ 27 ಸೆಕೆಂಡು ಬೇಕು, ಕೆಳಗಿನ ಹರಿಯುವ ನೀರಿಗೆ ಎರಡು ಸೆಕೆಂಡು ಸಾಕು. ಎರಡನ್ನೂ ಒಂದೇ ಕ್ಲಿಕ್ಕಿನಲ್ಲಿ ತರಲಾಗದು. ಕ್ಯಾಮೆರಾ ಕದಲಿಸದೆ ಎರಡು ಚಿತ್ರ ತೆಗೆದು ಆಮೇಲೆ ಜೋಡಿಸುವುದು ಒಂದು ದಾರಿ. ಹೊಳೆ ಇಳಿದ ಕಾಲಕ್ಕೆ ಕಾಯುವುದು ಇನ್ನೊಂದು. ನನ್ನ ಒಲವು ಎರಡನೆಯದಕ್ಕೆ, ಏಕೆಂದರೆ ಹೊಳೆಯೇ ಚಿತ್ರದ ಅವಧಿಯನ್ನು ನಿರ್ಧರಿಸಲಿ ಎನ್ನುವುದೇ ನನ್ನ ಮಾತು. ಎದುರಿನಿಂದ ಬರುವ ಲಾರಿಯ ಹೈಬೀಮ್ ಇಡೀ ಚಿತ್ರವನ್ನು ಬಿಳುಚಿಸುತ್ತದೆ. ಅದಕ್ಕೆ ಹಳೆಯ ಕಾಲದ ಉಪಾಯವೇ ಗಟ್ಟಿ: ಶಟರನ್ನು ಬಲ್ಬ್ ಮೋಡಿನಲ್ಲಿ ತೆರೆದಿಟ್ಟು, ಮದುವೆ ಕರೆಯೋಲೆಯಷ್ಟು ದೊಡ್ಡ ಕರಿ ರಟ್ಟನ್ನು ಲೆನ್ಸಿಗೆ ತಾಗದಂತೆ ಮುಂದೆ ಹಿಡಿದು, ಹೈಬೀಮ್ ಹಾದ ಮೇಲೆ ತೆಗೆಯುವುದು. ಶಟರ್ ತೆರೆದೇ ಇರುತ್ತದೆ, ಆದರೆ ಆ ಹೊತ್ತು ಮಾತ್ರ ಚಿತ್ರಕ್ಕೆ ಸೇರುವುದಿಲ್ಲ. ದೀಪಕ್ಕೆ ನಕ್ಷತ್ರದಂತೆ ಮೊನೆಗಳು ಬೇಕೆಂದರೆ ಅಪರ್ಚರನ್ನು ಎಫ್ 11ರ ಕಡೆಗೆ ಕಿರಿದು ಮಾಡಿ. ಲೆನ್ಸಿನೊಳಗೆ ಎಂಟು ಎಸಳಿದ್ದರೆ ಎಂಟು ಮೊನೆ, ಏಳಿದ್ದರೆ ಹದಿನಾಲ್ಕು. ಗೇಟು ತೆರೆದ ದಿನಗಳಲ್ಲಿ ಅಣೆಕಟ್ಟಿಗೆ ಬಣ್ಣದ ದೀಪ ಹಾಕುವುದುಂಟು. ಆ ಬಣ್ಣ ಬದಲಾಗುತ್ತಿದ್ದರೆ 20 ಸೆಕೆಂಡಿನ ಚಿತ್ರದಲ್ಲಿ ಎಲ್ಲವೂ ಬೆರೆತು ಮಂಕಾಗುತ್ತದೆ. ಒಂದು ಬಣ್ಣ ನಿಂತಿರುವಷ್ಟರೊಳಗೆ ಎರಡು ಸೆಕೆಂಡಿನಲ್ಲಿ ಮುಗಿಸಬೇಕು. ಧುಮ್ಮಿಕ್ಕುವ ನೀರಿಗೂ ಅಷ್ಟೇ ಸಾಕು.

ಇನ್ನು ಕೈಕೆಲಸ. ಟ್ರೈಪಾಡನ್ನು ಸೇತುವೆಯ ಮೇಲೆ ಇಡಬೇಡಿ. ಸಂಡೂರಿನ ಅದಿರು ತುಂಬಿದ ಲಾರಿಯೊಂದು ಹಾದರೆ ಸೇತುವೆ ಮೈಯೆಲ್ಲ ನಡುಗುತ್ತದೆ, ಆ ನಡುಕ ಚಿತ್ರದಲ್ಲಿ ಪ್ರತಿ ದೀಪವನ್ನೂ ಜೋಡಿ ಮಾಡುತ್ತದೆ. ದಂಡೆಯ ಬಂಡೆಯಂಥ ಗಟ್ಟಿ ನೆಲ ಬೇರಿಲ್ಲ. ಮರಳಿನ ಮೇಲಾದರೆ ಮೂರು ಕಾಲನ್ನೂ ಒತ್ತಿ ಹೂತು, ಎರಡು ಮೂರು ನಿಮಿಷ ಸುಮ್ಮನೆ ಬಿಡಿ, ಇಲ್ಲವಾದರೆ ಶಟರ್ ತೆರೆದಿರುವಾಗಲೇ ಅದು ಕೂದಲೆಳೆಯಷ್ಟು ಇಳಿಯುತ್ತದೆ. ಕೆಳಗಿನ ಸಣ್ಣ ಕಾಲುಗಳನ್ನು ಎಳೆಯದೆ ಗಿಡ್ಡವಾಗಿಯೇ ಇಡಿ, ನಡುಗಂಬಕ್ಕೆ ಬ್ಯಾಗು ತೂಗುಹಾಕಿ, ಗಾಳಿಗೆ ಪಟಪಟಿಸುವ ಕ್ಯಾಮೆರಾ ಪಟ್ಟಿಯನ್ನು ಬಿಚ್ಚಿಡಿ. ಲೆನ್ಸಿನ ನಡುಕ ತಡೆಯುವ ಸ್ವಿಚ್ಚು ಟ್ರೈಪಾಡಿನ ಮೇಲೆ ಆರಿರಬೇಕು, ಇಲ್ಲದ ನಡುಕವನ್ನು ಹುಡುಕಿ ಅದೇ ಅಲುಗಿಸುವುದುಂಟು. ಫೋಕಸನ್ನು ಕತ್ತಲಾಗುವ ಮೊದಲೇ, ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ ಸೇತುವೆಯ ಕಂಬದ ಮೇಲೆ ಕೂರಿಸಿ, ಮ್ಯಾನ್ಯುಯಲಿಗೆ ತಿರುಗಿಸಿ, ಲೆನ್ಸಿನ ಫೋಕಸ್ ಬಳೆಗೆ ಒಂದು ಚೂರು ಟೇಪು ಅಂಟಿಸಿ. ಕತ್ತಲಲ್ಲಿ ಎಕ್ಸ್‌ಪೋಷರ್ ಎಷ್ಟೆಂದು ತಿಳಿಯಲು ಅರ್ಧ ನಿಮಿಷ ಒಂದು ನಿಮಿಷದ ಪರೀಕ್ಷೆಗಳನ್ನು ಮಾಡುತ್ತ ಕೂರಬೇಕಿಲ್ಲ. ಐಎಸ್‌ಒ 6400ಕ್ಕೆ ಏರಿಸಿ, ಅದೇ ಅಪರ್ಚರಿನಲ್ಲಿ ಅರ್ಧ, ಒಂದು ಸೆಕೆಂಡಿನ ಚಿತ್ರ ತೆಗೆದು ನೋಡಿ. 6400ರಲ್ಲಿ ಒಂದು ಸೆಕೆಂಡು ಸರಿಬಂದರೆ 100ರಲ್ಲಿ 64 ಸೆಕೆಂಡು, ಅರ್ಧ ಸೆಕೆಂಡು ಸರಿಬಂದರೆ 32. ಚೌಕಟ್ಟು ನೆಟ್ಟಗಿದೆಯೇ, ಮೂಲೆಯಲ್ಲಿ ಯಾವುದಾದರೂ ತಂತಿ ನುಗ್ಗಿದೆಯೇ ಎಂಬುದೂ ಆ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ. ರಿಮೋಟ್ ಇಲ್ಲದಿದ್ದರೆ ಎರಡು ಸೆಕೆಂಡಿನ ಟೈಮರು ಸಾಕು. ರಾ ಫೈಲಿನಲ್ಲೇ ಉಳಿಸಿ: ಸೋಡಿಯಂ ದೀಪದ ಹಳದಿ, ಎಲ್‌ಇಡಿಯ ಬಿಳಿ, ಚಂದ್ರನ ಬೆಳಕು ಮೂರೂ ಒಂದೇ ಚಿತ್ರದಲ್ಲಿರುವಾಗ ಬಣ್ಣದ ತೀರ್ಮಾನವನ್ನು ಮನೆಗೆ ಬಂದು ಸಾವಧಾನವಾಗಿ ಮಾಡುವುದು ಒಳಿತು.

ಇಷ್ಟೆಲ್ಲ ರಗಳೆ ಯಾಕೆ, ಕಿಸೆಯ ಮೊಬೈಲಿನ ನೈಟ್ ಮೋಡ್ ಇದೆಯಲ್ಲ ಎಂಬ ಆಕ್ಷೇಪಣೆಗೆ ಬಲವಿದೆ. ಕಟ್ಟಡ, ಬಂಡೆ, ನಿಂತ ಸೇತುವೆ ಇವುಗಳ ಮಟ್ಟಿಗೆ ಮೊಬೈಲು ಇಂದು ಅಚ್ಚರಿಯ ಕೆಲಸ ಮಾಡುತ್ತದೆ. ಆದರೆ ಅದು ಮಾಡುವುದೇನೆಂದು ನೋಡಿ: ಹತ್ತಾರು ಚಿಕ್ಕ ಚಿತ್ರಗಳನ್ನು ಸರಸರ ತೆಗೆದು, ಕೈಯ ಅಲುಗಾಟ ಸರಿಪಡಿಸಿ, ಒಂದರ ಮೇಲೊಂದು ಹೊಂದಿಸುತ್ತದೆ. ಹೊಂದಿಸಬೇಕೆಂದರೆ ಚಲಿಸಿದ್ದನ್ನು ತಪ್ಪೆಂದು ತಿಳಿದು ತೆಗೆದುಹಾಕಬೇಕು. ನಮಗೆ ಬೇಕಾದದ್ದೇ ಆ ಚಲನೆ. ಹೀಗಾಗಿ ಹೊಳೆ ಒಂದು ಕಡೆ ನಯವಾಗಿ, ಇನ್ನೊಂದು ಕಡೆ ತೇಪೆತೇಪೆಯಾಗಿ ಬರುತ್ತದೆ. ಲಾರಿಯ ದೀಪ ಗೆರೆಯಾಗುವ ಬದಲು ತುಂಡುತುಂಡಾಗಬಹುದು. ಪ್ರೊ ಮೋಡ್ ಇರುವ ಮೊಬೈಲಿನಲ್ಲಿ ಶಟರನ್ನು ನೀವೇ ನಿಗದಿ ಮಾಡಬಹುದಾದರೆ, ಮತ್ತು ಅದನ್ನು ಟ್ರೈಪಾಡಿಗೆ ಕಚ್ಚಿಸಿದರೆ, ಮೇಲೆ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ. ಆಗಲೂ ಎಷ್ಟು ಸೆಕೆಂಡು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಹೊಳೆಯೇ. ದುಬಾರಿ ಕ್ಯಾಮೆರಾ ಇಲ್ಲದವರು ಹಿಂಜರಿಯಬೇಕಿಲ್ಲ, ಆದರೆ ಟ್ರೈಪಾಡ್ ಇಲ್ಲದೆ ಹೊರಡಬೇಡಿ.

ಎರಡನೆಯ ಆಕ್ಷೇಪಣೆ ಇನ್ನೂ ಆಳದ್ದು: ನೀರು ಹಾಲಾಗಿ, ಲಾರಿ ಮಾಯವಾಗಿ ಗೆರೆ ಮಾತ್ರ ಉಳಿದ ಚಿತ್ರ ಸುಳ್ಳಲ್ಲವೇ? ಹೊಳೆದಂಡೆಯಲ್ಲಿ ನಿಂತವನಿಗೆ ಅಂಥದ್ದು ಕಾಣುವುದಿಲ್ಲವಲ್ಲ. ಕಾಣುವುದಿಲ್ಲ, ನಿಜ. ಆದರೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಗಾಳಿಯಲ್ಲಿ ನಿಂತ ನೀರಹನಿಯೂ ಯಾರ ಕಣ್ಣಿಗೂ ಕಂಡದ್ದಲ್ಲ, ಅದನ್ನು ಯಾರೂ ಸುಳ್ಳೆನ್ನುವುದಿಲ್ಲ. ಫೋಟೊಗ್ರಫಿ ಹುಟ್ಟಿದ್ದೇ ದೀರ್ಘ ಎಕ್ಸ್‌ಪೋಷರಿನಲ್ಲಿ. 1838ರಲ್ಲಿ ಡಾಗೆರ್ ಪ್ಯಾರಿಸಿನ ಬೀದಿಯೊಂದರ ಚಿತ್ರ ತೆಗೆದಾಗ ಪ್ಲೇಟಿಗೆ ಕೆಲವು ನಿಮಿಷಗಳ ಬೆಳಕು ಬೇಕಾಗಿತ್ತು. ಗಿಜಿಗುಡುವ ಬೀದಿಯಲ್ಲಿ ಓಡಾಡಿದವರೆಲ್ಲ ಅಳಿಸಿಹೋಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಉಳಿದ. ಅಷ್ಟು ದೂರ ಹೋಗುವುದೂ ಬೇಡ. ಹಂಪಿಯ ಈಗ ತಿಳಿದಿರುವ ಅತಿ ಹಳೆಯ ಫೋಟೊಗಳನ್ನು 1856ರಲ್ಲಿ ತೆಗೆದವರು ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ. ಆ ಕಾಗದ ಹಗಲು ಬಿಸಿಲಿನಲ್ಲೂ ನಿಮಿಷಗಳ ಲೆಕ್ಕದಲ್ಲಿ ಬೆಳಕು ಬೇಡುತ್ತಿತ್ತು. 1980ರ ದಶಕದಲ್ಲಿ ಆಸ್ಟ್ರೇಲಿಯದ ಫೋಟೊಗ್ರಾಫರ್ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವ ಕಲ್ಲು ಬಿದ್ದಿದೆ, ಯಾವ ಗೋಪುರ ದುರಸ್ತಿಯಾಗಿದೆ ಎಂದು ವಿದ್ವಾಂಸರು ಓದಿದರು. ನಿಮಿಷಗಟ್ಟಲೆ ಬೆಳಕು ಕುಡಿದ ಚಿತ್ರವೇ ಇಲ್ಲಿ ದಾಖಲೆಯಾಗಿ ನಿಂತಿದೆ. ಸುಳ್ಳು ಶುರುವಾಗುವುದು ಶಟರಿನಲ್ಲಲ್ಲ, ಅಡಿಬರಹದಲ್ಲಿ. ಎರಡು ಚಿತ್ರ ಜೋಡಿಸಿದ್ದರೆ ಜೋಡಿಸಿದ್ದೇನೆ ಎಂದು ಬರೆಯಿರಿ, ಬೇರೆ ರಾತ್ರಿಯ ಚಂದ್ರನನ್ನು ತಂದು ಕಂಪ್ಲಿ ಸೇತುವೆಯ ಮೇಲೆ ಅಂಟಿಸಬೇಡಿ.

ಇದಕ್ಕಿಂತ ಬೆಂಗಳೂರಿನ ಕೆ.ಆರ್. ಪುರದ ತೂಗುಸೇತುವೆಯೋ, 2025ರ ಜುಲೈಯಲ್ಲಿ ಸಂಚಾರಕ್ಕೆ ತೆರೆದ ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆಯೋ ಚೆಂದವಲ್ಲವೇ ಎನ್ನುವವರಿದ್ದಾರೆ. ಕೇಬಲ್ಲಿನ ಸೇತುವೆಗೆ ತನ್ನದೇ ಆಕಾರವಿದೆ, ಕಡಿಮೆ ಶ್ರಮಕ್ಕೆ ಒಳ್ಳೆಯ ಚಿತ್ರ ಕೊಡುತ್ತದೆ. ಅಲ್ಲಿಗೆ ಹೋದವರೆಲ್ಲರ ಚಿತ್ರವೂ ಹೆಚ್ಚು ಕಡಿಮೆ ಒಂದೇ ಬಗೆಯಾಗುವುದು ಅದೇ ಕಾರಣಕ್ಕೆ. ಮಲಪನಗುಡಿಯಲ್ಲೋ ಕಮಲಾಪುರದಲ್ಲೋ ಇರುವವರಿಗೆ ಬೇರೆ ಯಾರಿಗೂ ಇಲ್ಲದ ಒಂದು ಅನುಕೂಲವಿದೆ. ಅವರು ಒಂದೇ ಕಲ್ಲುಕಂಬವನ್ನು ವರ್ಷದಲ್ಲಿ ಹನ್ನೆರಡು ಹುಣ್ಣಿಮೆ ನೋಡಬಲ್ಲರು.

ನೋಡಲು ಹೋಗುವ ಮುನ್ನ ಕೆಲವು ಕಟ್ಟುನಿಟ್ಟು. ಹಂಪಿಯ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು, ಸಂಜೆಯ ಮೇಲೆ ಒಳಗೆ ಉಳಿಯುವಂತಿಲ್ಲ. ಅಣೆಕಟ್ಟಿಗೆ ಕಾವಲಿದೆ, ಎಲ್ಲಿಂದ ಚಿತ್ರ ತೆಗೆಯಬಹುದೆಂದು ಅಲ್ಲಿಯವರನ್ನೇ ಕೇಳಿ. ರೈಲು ಹಳಿ, ರೈಲು ಸೇತುವೆಯ ಮೇಲೆ ಕಾಲಿಡುವುದು 1989ರ ರೈಲ್ವೆ ಕಾಯ್ದೆಯಂತೆ ಅಪರಾಧ. ಹೊರಹರಿವು ಹೆಚ್ಚಿಸುವ ಮುನ್ಸೂಚನೆ ಇದ್ದ ದಿನ ಹೊಳೆನಡುವಿನ ಬಂಡೆಗೆ ದಾಟಬೇಡಿ. ದಾಟಿದಾಗ ಮೊಣಕಾಲಷ್ಟಿದ್ದ ಕವಲು ವಾಪಸು ಬರುವಾಗ ಎದೆಮಟ್ಟ ಆಗಿರಬಹುದು. ಈ ಹೊಳೆಯಲ್ಲಿ ಮೊಸಳೆಗಳಿವೆ, ಸುತ್ತಲಿನ ಗುಡ್ಡಗಳಲ್ಲಿ ಚಿರತೆ, ಕರಡಿಗಳಿವೆ. ಒಬ್ಬರೇ ಹೋಗಬೇಡಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ನಾವು ಚಿತ್ರ ತೆಗೆಯಬೇಕೆಂದಿರುವ ಸೇತುವೆಗಳೆಲ್ಲ ಆ ಪ್ರಾಣಿಯ ಮನೆಯಂಗಳದಲ್ಲಿವೆ. ಬಂಡೆಗಳಿಗೆ ಟಾರ್ಚಿನ ಬೆಳಕು ಬಳಿದು ಚಿತ್ರ ಬೆಳಗಿಸುವ ರೂಢಿಯನ್ನು ಇಲ್ಲಿ ಬಿಟ್ಟುಬಿಡಿ. ನೀರುನಾಯಿಗಳು ಮರಿ ಮಾಡುವುದು, ಒರಗುವುದು ಆ ಬಂಡೆಯ ಪೊಟರೆಗಳಲ್ಲೇ. ಚಂದ್ರ ಸಾಲದಿದ್ದರೆ ಶಟರನ್ನು ಇನ್ನೊಂದು ನಿಮಿಷ ತೆರೆದಿಡಿ. ದಾರಿ ಕಾಣಲು ಕೆಂಪು ಕಾಗದ ಸುತ್ತಿದ ಸಣ್ಣ ಟಾರ್ಚು ಸಾಕು, ಅದನ್ನೂ ನೆಲಕ್ಕೆ ಹಿಡಿಯಿರಿ.

ಬೇಸಿಗೆಯ ಮಟ್ಟಿಗೆ ಎರಡು ಎಚ್ಚರಿಕೆ. ಸೆನ್ಸರಿನ ಬಿಸಿ ಆರೆಂಟು ಡಿಗ್ರಿ ಏರಿದಂತೆಲ್ಲ ದೀರ್ಘ ಎಕ್ಸ್‌ಪೋಷರಿನ ಬಿಸಿನಾಯ್ಸ್ ಸುಮಾರು ಇಮ್ಮಡಿಯಾಗುತ್ತದೆ. ಮೇ ತಿಂಗಳಲ್ಲಿ ಹಗಲೆಲ್ಲ ಕಾದ ಬಂಡೆ ರಾತ್ರಿ ಒಂಬತ್ತಕ್ಕೂ ಬಿಸಿ ಉಗುಳುತ್ತಿರುತ್ತದೆ, ಅಲ್ಲಿ ಎರಡು ನಿಮಿಷದ ಒಂದು ಚಿತ್ರಕ್ಕಿಂತ 15 ಸೆಕೆಂಡಿನ ಎಂಟು ಚಿತ್ರ ತೆಗೆದು ಸರಾಸರಿ ಮಾಡುವುದು ಮೇಲು. ಕ್ಯಾಮೆರಾವನ್ನು ಬಂಡೆಯ ಮೇಲೆ ಇಳಿಸಿಡಬೇಡಿ. ಸಂಡೂರಿನ ಕಡೆಯಿಂದ ಬಂದವರ ಲೆನ್ಸಿನ ಮೇಲೆ ಕೆಂಪು ಧೂಳು ಕೂತಿರುತ್ತದೆ. ಅದು ಕಬ್ಬಿಣದ ಅದಿರಿನ ಪುಡಿ, ಗಾಜಿಗೆ ಸರಿಸಾಟಿಯಾದ ಗಟ್ಟಿತನ ಅದಕ್ಕಿದೆ. ಬಟ್ಟೆಯಿಂದ ಉಜ್ಜಿದರೆ ಲೆನ್ಸಿನ ಲೇಪಕ್ಕೆ ಗೀರು ಬೀಳುತ್ತದೆ. ಮೊದಲು ರಬ್ಬರ್ ಬುಡ್ಡಿಯಿಂದ ಗಾಳಿ ಊದಿ, ಆಮೇಲೆ ಮೆತ್ತನೆಯ ಬ್ರಶ್ಶಿನಿಂದ ಸರಿಸಿ, ಕೊನೆಗೆ ಬಟ್ಟೆ. ಬ್ಯಾಗಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ಕೂ ಇರಲಿ. ಶಟರ್, ಅಪರ್ಚರ್, ಐಎಸ್‌ಒ ಅಂಕಿಗಳನ್ನು ಕ್ಯಾಮೆರಾ ತಾನೇ ಬರೆದುಕೊಳ್ಳುತ್ತದೆ. ಅದು ಬರೆದುಕೊಳ್ಳದ್ದನ್ನು ನೀವು ಬರೆಯಬೇಕು: ಅಂದಿನ ತಿಥಿ, ಅಂದಿನ ಹೊರಹರಿವು ಎಷ್ಟು ಕ್ಯುಸೆಕ್, ನಿಂತ ಬಂಡೆಯಿಂದ ನೀರು ಎಷ್ಟು ಗೇಣು ಕೆಳಗಿತ್ತು.